ದುಂಡು ತೆಪ್ಪದ ಮುಂದಿನ ಜಾಗ

೧೯೯೮ರ ಜೂನ್ ೭, ಭಾನುವಾರ. ಆಧಾರ: ನನ್ನ ಅಕ್ಕನ ಮಗಳ ಲಗ್ನಪತ್ರಿಕೆ. ಗಂಗಾವತಿಯಲ್ಲಿ ಅಚ್ಚಾದದ್ದು, ಅರಿಶಿನ ಹಚ್ಚಿದ ನಾಲ್ಕು ಮೂಲೆಗಳಲ್ಲಿ ಒಂದನ್ನು ಇಲಿ ತಿಂದಿದೆ. ತಾರೀಖಿಗೂ ವಾರಕ್ಕೂ ಹೊಂದಿಕೆ ಇದೆಯೇ ಎಂದು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಇದೆ. ಪತ್ರಿಕೆಯಲ್ಲಿರುವ ಒಂದೇ ತಪ್ಪೆಂದರೆ ನನ್ನ ಹೆಸರಿನ ಹಿಂದಿರುವ ‘ಡಾ.’ ಎಂಬ ಅಕ್ಷರ. ನನಗೆ ಆ ಪದವಿ ಬಂದದ್ದು ಈ ಮದುವೆಯಾದ ಎರಡು ವರ್ಷಗಳ ನಂತರ. ವಿಶ್ವವಿದ್ಯಾಲಯಕ್ಕಿಂತ ಮೊದಲೇ ಅಕ್ಕ ಅದನ್ನು ಮಂಜೂರು ಮಾಡಿಬಿಟ್ಟಿದ್ದಳು.

ನಾನು ಆಗ ತುಂಗಭದ್ರೆಯ ದೋಣಿಗಳು ಮತ್ತು ಅವುಗಳ ಬಳಕೆಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದೆ. ಈ ವಿಷಯವನ್ನು ಬಂಧುಬಳಗದವರಿಗೆ ವಿವರಿಸುವುದು ಸುಲಭವಾಗಿರಲಿಲ್ಲ. ಪುಸ್ತಕಗಳಲ್ಲಿ ಹರಿಗೋಲು ಎನ್ನಿಸಿಕೊಳ್ಳುವುದು, ಹೊಳೆಯ ಮೇಲೆ ತೆಪ್ಪವೆಂದೋ ಪುಟ್ಟಿಯೆಂದೋ ಕರೆಸಿಕೊಳ್ಳುವುದು, ಬಿದಿರಿನಲ್ಲಿ ಹೆಣೆದು ಹೊರಮೈಗೆ ಡಾಂಬರು ಬಳಿದ ಒಂದು ದೊಡ್ಡ ಬುಟ್ಟಿ. ಭತ್ತದ ಚೀಲ, ಬಾಳೆಗೊನೆ, ಆಡು, ಸ್ಕೂಟರು, ಬಸುರಿ, ಶಾಲಾ ಮಾಸ್ತರ, ಎಲ್ಲವನ್ನೂ ಅದು ಒಂದೇ ಬಗೆಯ ಉದಾಸೀನದಿಂದ ಆಚೆ ದಡಕ್ಕೆ ಮುಟ್ಟಿಸುತ್ತದೆ. ಇದರ ಮೇಲೆ ನಾನೂರು ಪುಟ ಬರೆಯಲು ಏನಿದೆ ಎಂಬುದು ಅಕ್ಕನ ಪ್ರಶ್ನೆಯಾಗಿತ್ತು. ಪ್ರಬಂಧದ ಅತ್ಯಂತ ಚಿಕ್ಕ ಅಧ್ಯಾಯ ಹಾಯಿಯನ್ನು ಕುರಿತದ್ದು. ಅದರ ತಿರುಳು ಒಂದೇ ವಾಕ್ಯ: ಈ ಹೊಳೆಯ ತೆಪ್ಪಕ್ಕೆ ಹಾಯಿ ಇಲ್ಲ. ಕಾರಣವನ್ನೂ ಕೊಟ್ಟಿದ್ದೆ. ದುಂಡಗಿರುವ ದೋಣಿಗೆ ಮುಂದು ಹಿಂದು ಇಲ್ಲ, ನೀರನ್ನು ಸೀಳಿ ಹಿಡಿಯುವ ಅಡಿಗಟ್ಟು ಇಲ್ಲ. ಗಾಳಿಗೆ ಬಟ್ಟೆ ಒಡ್ಡಿದರೆ ಅದು ಸಾಗುವುದಿಲ್ಲ, ಸುತ್ತುತ್ತದೆ. ಮಾರ್ಗದರ್ಶಕರು ಆ ಅಧ್ಯಾಯದ ಪಕ್ಕದಲ್ಲಿ ‘ಸ್ಪಷ್ಟವಾಗಿದೆ’ ಎಂದು ಬರೆದಿದ್ದರು. ಉಳಿದ ಅಧ್ಯಾಯಗಳ ಬಗ್ಗೆ ಅವರು ಹಾಗೆ ಎಲ್ಲಿಯೂ ಹೇಳಿರಲಿಲ್ಲ.

ಅಕ್ಕನ ಮನೆ ಇರುವುದು ವಿರೂಪಾಪುರಗಡ್ಡೆಯಲ್ಲಿ. ಸುತ್ತ ಹೊಳೆ, ನಡುವೆ ಭತ್ತದ ಗದ್ದೆ. ಅವಳಿಗೆ ಇದ್ದವಳು ಒಬ್ಬಳೇ ಮಗಳು. ಆ ಮಗಳ ಲಗ್ನ ತನ್ನ ಅಂಗಳದ ಚಪ್ಪರದಲ್ಲಿಯೇ ಆಗಬೇಕೆಂಬುದು ಅವಳ ಒಂದೇ ಹಟ. ಗಂಡಿನವರು ಯಲಬುರ್ಗಾ ಕಡೆಯ ತಳಕಲ್ಲಿನವರು. ವರನ ತಂದೆ ತಹಶೀಲು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಯಾವ ಸಭೆಗೆ ಹೋದರೂ ಮೊದಲು ಕುರ್ಚಿಗಳನ್ನು ನೋಡಿ, ಆಮೇಲೆ ಮನುಷ್ಯರನ್ನು ನೋಡುವ ಅಭ್ಯಾಸ ಅವರಿಗೆ ಸೇವೆಯಿಂದ ಬಂದಿತ್ತು. ಗಂಗಾವತಿಯಲ್ಲಿ ಫ್ಯಾನು ಇರುವ ಛತ್ರದಲ್ಲಿ ಲಗ್ನವಾಗಲಿ ಎಂಬುದು ಅವರ ಅಪೇಕ್ಷೆ. ಮಾತುಕತೆ ವಾರಗಟ್ಟಲೆ ನಡೆಯಿತು. ಕೊನೆಗೆ ಅವರು ಗಡ್ಡೆಗೆ ಬರಲು ಒಪ್ಪಿದರು, ಆದರೆ ಛತ್ರವನ್ನು ಬಿಡಲಿಲ್ಲ.

“ಛತ್ರ ನಮ್ಮ ಹೆಸರಿಗೆ ಇರಲಿ,” ಎಂದರು. “ಎದುರುಗೊಳ್ಳೂದ್ರಾಗ ಒಂದು ಕೂದಲು ಎಳಿಯಷ್ಟು ಹೆಚ್ಚುಕಡಿಮಿ ಆತು ಅಂದ್ರ, ನಾವು ದಂಡಿಯಿಂದನ ಹೊಳ್ಳಿ ಹೋಗ್ತೀವಿ. ಅಕ್ಕಿಕಾಳು ಛತ್ರದಾಗ ಬೀಳ್ತಾವು.”

ಅಂದರೆ ಲಗ್ನ ನಿಲ್ಲುವುದಿಲ್ಲ, ಸ್ಥಳ ಬದಲಾಗುತ್ತದೆ. ಅಕ್ಕನ ಮಟ್ಟಿಗೆ ಎರಡೂ ಒಂದೇ ಆಗಿತ್ತು. ಹಾಕಿದ ಚಪ್ಪರದ ಕೆಳಗೆ ಲಗ್ನವಾಗದಿದ್ದರೆ ಆ ಚಪ್ಪರದ ಕೆಳಗೆ ನಡೆಯಬಹುದಾದ ಇನ್ನೊಂದು ಕೆಲಸ ಯಾವುದು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಮಗೆಲ್ಲ ತಿಳಿಯಿತು.

ಬೀಗರು ತಳಕಲ್ಲಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿದು, ಅಲ್ಲಿಂದ ಹಂಪಿಗೆ ಬಸ್ಸಿನಲ್ಲಿ ಬಂದು, ಹೊಳೆಯನ್ನು ತೆಪ್ಪದಲ್ಲಿ ದಾಟುವುದೆಂದು ನಿಶ್ಚಯವಾಯಿತು. ನಮ್ಮ ಕಡೆಯ ಪದ್ಧತಿಯಂತೆ ಬೀಗರು ಊರಿನ ನೆಲ ಮೆಟ್ಟಿದ ಕೂಡಲೇ ಹೆಣ್ಣಿನ ಸೋದರಮಾವ ಅವರ ಕಾಲಿಗೆ ತಂಬಿಗೆಯಿಂದ ನೀರು ಹಾಕಬೇಕು. ಮೊದಲು ನೆಲ ಮೆಟ್ಟುವವರು ವರನ ತಂದೆಯೇ ಆಗಿರಬೇಕು. ಆ ಸೋದರಮಾವ ನಾನು. ಆದರೆ ನನ್ನ ನೆನಪಿನಂತೆ ಅಕ್ಕ ಬೆಳಗ್ಗೆ ನನ್ನನ್ನು ಅಡಿಗೆ ಒಲೆಯ ಬಳಿಗೆ ಕರೆದು ಬೇರೆ ಕೆಲಸ ಹೇಳಿದಳು.

“ತಮ್ಮಾ, ನೀರು ನಾ ಹಾಕ್ತೀನಿ. ನೀ ಆ ಕಡಿ ಹೋಗಿ ಅವರನ್ನ ಕರ್ಕೊಂಡು ಬಾ. ತೆಪ್ಪದ ಮ್ಯಾಲ ಪುಸ್ತಕ ಬರಿಯಾಂವ ಅದೀ, ಇವತ್ತರ ಉಪಯೋಗ ಆಗ್ಲಿ. ಬಾಯಿ ಮಾತ್ರ ತಗೀಬ್ಯಾಡ.”

ಭಾವನವರು ಚಪ್ಪರದ ಕಂಬಕ್ಕೆ ಬಾಳೆ ಕಟ್ಟಿಸುತ್ತಿದ್ದರು. ಅವರೂ ತಲೆ ಎತ್ತದೆ, “ಆಂ, ಬಾಯಿ ತಗೀಬ್ಯಾಡ,” ಎಂದರು. ಆ ವರ್ಷದಲ್ಲಿ ಅವರು ನನ್ನೊಡನೆ ಆಡಿದ ಅತಿ ದೀರ್ಘವಾದ ಮಾತು ಅದು.

ನಾವು ನೇಮಿಸಿಕೊಂಡಿದ್ದ ಅಂಬಿಗ ಸಾಣಾಪುರದ ಕಡೆಯವನು. ಯಾರೋ ವಿದೇಶಿ ಪ್ರವಾಸಿ ಬಿಟ್ಟುಹೋದ ಕಪ್ಪು ಕನ್ನಡಕವನ್ನು ಮಳೆಯಲ್ಲಿಯೂ ತೆಗೆಯುತ್ತಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ನಾನು ನನ್ನ ಪ್ರಬಂಧದಲ್ಲಿ ಬಳಸಿಕೊಂಡಿದ್ದರೆ ಹರಿಗೋಲು ಹುಟ್ಟಿದ್ದು ಅವನ ಅಜ್ಜನ ಮನೆಯ ಹಿತ್ತಲಿನಲ್ಲಿ ಎಂದು ಬರೆಯಬೇಕಾಗುತ್ತಿತ್ತು. ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಜೊತೆಗೆ ಎರಡು ಬೇಸಗೆ ಕಳೆದಿದ್ದ. ಅಲ್ಲಿ ಗೊಬ್ಬರದ ಚೀಲ ಹೊಲಿದು ತೆಪ್ಪಕ್ಕೆ ಹಾಯಿ ಕಟ್ಟುತ್ತಾರೆಂದು ಅವನು ನನಗೆ ಹಲವು ಬಾರಿ ಹೇಳಿದ್ದ, ನಾನು ನಂಬಿರಲಿಲ್ಲ. ಅವನು ಹೇಳಿದ ಬೇರೆ ಸಂಗತಿಗಳನ್ನು ಗಮನಿಸಿದರೆ ನನ್ನ ಅಪನಂಬಿಕೆ ನ್ಯಾಯವಾದದ್ದೇ.

ಹಂಪಿ ಕಡೆಯ ದಂಡೆಯಲ್ಲಿ ಬೀಗರು ಬಂದು ನಿಂತಿದ್ದರು. ಶಿರಸ್ತೇದಾರರು, ಅವರ ಅಣ್ಣ, ಬಾಸಿಂಗದ ಭಾರಕ್ಕೆ ಕತ್ತು ಬಿಗಿಹಿಡಿದ ವರ, ಮತ್ತು ಹೊಸಪೇಟೆಯಿಂದ ಗೊತ್ತು ಮಾಡಿ ತಂದಿದ್ದ ಬ್ಯಾಂಡಿನವರು. ಹೆಂಗಸರು ಎರಡನೆಯ ಸರದಿಗೆಂದು ಕಲ್ಲುಮಂಟಪದ ನೆರಳಿನಲ್ಲಿ ಕುಳಿತಿದ್ದರು. ಹೊಳೆ ಇನ್ನೂ ಹೊಸ ನೀರು ಕಂಡಿರಲಿಲ್ಲ. ಮಳೆಗಾಲದ ಗಾಳಿ ಮಾತ್ರ ಮುಂಚಿತವಾಗಿ ಬಂದು ಪಡುವಣದಿಂದ ಬೀಸುತ್ತಿತ್ತು.

ತೆಪ್ಪಕ್ಕೆ ಜನರನ್ನು ಹತ್ತಿಸುವುದಕ್ಕೆ ಒಂದು ಕ್ರಮವಿದೆ. ಅದು ಕುಲ, ವಯಸ್ಸು, ಹುದ್ದೆ ಯಾವುದನ್ನೂ ಅನುಸರಿಸುವುದಿಲ್ಲ. ತೂಕವನ್ನು ಮಾತ್ರ ಅನುಸರಿಸುತ್ತದೆ. ಅಂಬಿಗ ದಂಡೆಯ ಮೇಲೆ ನಿಂತು, ಸಂತೆಯಲ್ಲಿ ಆಡು ನೋಡುವವನಂತೆ ಒಬ್ಬೊಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಭಾರವಾದವರನ್ನು ಎದುರುಬದುರು ಕೂರಿಸುತ್ತಾನೆ. ಅವತ್ತು ಅವನು ಕನ್ನಡಕವನ್ನು ಹಣೆಗೆ ಏರಿಸಿ ಶಿರಸ್ತೇದಾರರನ್ನು ನೋಡಿದ. ಆಮೇಲೆ ಬ್ಯಾಂಡಿನ ದೊಡ್ಡ ಡ್ರಮ್ಮಿನವನನ್ನು ನೋಡಿದ. ಅವನಿಗೆ ಸಮಾಧಾನವಾಯಿತು.

“ಸಾಹೇಬ್ರ, ನೀವು ಇಲ್ಲಿ ಕುಂದರ್ರಿ. ಡ್ರಮ್ಮು ನಿಮ್ಮ ಎದುರಿಗೆ. ಅವನಿಗೂ ನಿಮಗೂ ಬರಾಬರ್ ಆಕ್ಕತಿ.”

ಶಿರಸ್ತೇದಾರರು ಕದಲಲಿಲ್ಲ. “ಇದು ಮುಂದಿನ ಜಾಗ ಏನು?”

“ದುಂಡಗ ಐತ್ರಿ. ಮುಂದ ಎಲ್ಲಿಂದ ತರ್ಲಿ?”

ಬಾಯಿ ತೆಗೆಯಬಾರದೆಂಬ ಎಚ್ಚರಿಕೆ ನನಗಿತ್ತು. ಆದರೆ ಇದು ನನ್ನ ಮೂರನೆಯ ಅಧ್ಯಾಯದ ವಿಷಯ. ಹುಟ್ಟು ಹಾಕುವವನು ನೀರನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ ಅವನು ಕುಳಿತ ಬದಿಯನ್ನೇ ಶಾಸ್ತ್ರೀಯವಾಗಿ ಮುಂಭಾಗವೆಂದು ಪರಿಗಣಿಸಬಹುದು ಎಂದು ನಾನು ವಿನಯದಿಂದ ಸೂಚಿಸಿದೆ. ಕೂಡಲೇ ಶಿರಸ್ತೇದಾರರು ಅಂಬಿಗನ ಬಲಕ್ಕೂ ಅವರ ಅಣ್ಣ ಅಂಬಿಗನ ಎಡಕ್ಕೂ ನಡೆದರು.

“ಹಿರಿಯಾಂವ ನಾನು,” ಎಂದರು ಅಣ್ಣ.

“ವರನ ತಂದಿ ನಾನು,” ಎಂದರು ತಮ್ಮ.

“ಇಬ್ರೂ ಒಂದ ಕಡಿ ಕುಂತ್ರ,” ಎಂದ ಅಂಬಿಗ, “ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಮೀನಿಗೆ ಯಾರು ಹಿರಿಯಾರು ಗೊತ್ತಾಗೂದಿಲ್ರಿ.”

“ಹಂಗಾರ ಗಂಗಾವತಿ ಛತ್ರ ಖಾಲಿ ಐತಿ,” ಎಂದರು ಶಿರಸ್ತೇದಾರರು. ಅಷ್ಟು ಹೇಳಿ ಮಂಟಪದ ಕಡೆಗೆ ಎರಡು ಹೆಜ್ಜೆ ಹಾಕಿಯೇಬಿಟ್ಟರು. ಆಚೆ ದಡದಲ್ಲಿ ಅಕ್ಕ ಹಸಿರು ಸೀರೆಯಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಇತ್ತ ನೋಡುತ್ತ ನಿಂತಿದ್ದುದು ನನಗೆ ಕಾಣಿಸುತ್ತಿತ್ತು.

ಆಗ ಅಂಬಿಗ ಮಾಡಿದ ಇತ್ಯರ್ಥವನ್ನು ನಾನು ಯಾವ ದಾಖಲೆಯಲ್ಲಿಯೂ ಕಂಡಿಲ್ಲ. ಅರ್ಧ ಹೊಳೆಯವರೆಗೆ ಅಣ್ಣನವರ ಬದಿಯಲ್ಲಿ ಕುಳಿತು ಹುಟ್ಟು ಹಾಕುವುದು. ನಡುಹೊಳೆಯಲ್ಲಿ ಎದ್ದು ಶಿರಸ್ತೇದಾರರ ಬದಿಗೆ ಬರುವುದು. ಅಲ್ಲಿಂದ ದಡದವರೆಗೆ ಆ ಬದಿಯೇ ಮುಂದು. ಶಿರಸ್ತೇದಾರರು ಕ್ಷಣ ಯೋಚಿಸಿ, ದಡ ಮುಟ್ಟುವ ಅರ್ಧ ತಮ್ಮದೆಂದು ಖಚಿತ ಮಾಡಿಕೊಂಡು ಒಪ್ಪಿದರು. ಅಣ್ಣನವರಿಗೆ ಆ ವ್ಯತ್ಯಾಸ ಹೊಳೆದದ್ದು ತೆಪ್ಪ ದಂಡೆ ಬಿಟ್ಟ ಮೇಲೆ.

“ಏನ್ಲೇ, ಮೊದಲು ಇಳಿಯಾಂವ ಅವನ ಆದಂಗಾತಲ್ಲ?”

“ಮೊದಲು ಹತ್ತಿದವರು ನೀವು ಅಲ್ರಿ?”

“ಹತ್ತಿದ್ದು ಯಾವನು ನೋಡ್ಯಾನಲೇ?”

ಈ ವಾದದಲ್ಲಿ ಹೊತ್ತು ಹೋಯಿತು. ಮಧ್ಯಾಹ್ನದ ಮುಹೂರ್ತ ಹತ್ತಿರವಾಗುತ್ತಿತ್ತು, ನಡುಹೊಳೆಯಲ್ಲಿ ಗಾಳಿ ಅಡ್ಡ ಬಂದು ಹುಟ್ಟಿನ ಎಳೆತಕ್ಕೆ ತೆಪ್ಪ ಮಣಿಯುತ್ತಿರಲಿಲ್ಲ. ಶಿರಸ್ತೇದಾರರು ಕೈಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ನೋಡಿಕೊಂಡರು. ಆಗ ಅಂಬಿಗನ ಕಣ್ಣು ಬ್ಯಾಂಡಿನವರ ಬ್ಯಾನರಿನ ಮೇಲೆ ಬಿತ್ತು. ಮೆರವಣಿಗೆಯ ಮುಂದೆ ಇಬ್ಬರು ಹಿಡಿದು ನಡೆಯುವ ಕೆಂಪು ಬಟ್ಟೆ. ಎರಡು ತುದಿಗೂ ಬಿದಿರ ಗಳು. ನಡುವೆ ಬಿಳಿಯ ಅಕ್ಷರಗಳಲ್ಲಿ ‘ಎಲ್ಲ ಶುಭ ಸಮಾರಂಭಗಳಿಗೆ ಸಂಪರ್ಕಿಸಿರಿ’.

“ಹಿಡೀರಿ ಮ್ಯಾಲ,” ಎಂದ. “ಡ್ಯಾಮಿನ್ಯಾಗ ಹಿಂಗ ಮಾಡ್ತಾರ.”

ಸುತ್ತುತ್ತದೆ ಎಂದು ನಾನು ಹೇಳಿದೆ. ಕಾರಣವನ್ನೂ ವಿವರಿಸಿದೆ. ನಾನು ಎರಡನೆಯ ಕಾರಣಕ್ಕೆ ಬರುವಷ್ಟರಲ್ಲಿ ಗಾಳಿ ಬಟ್ಟೆಯನ್ನು ತುಂಬಿತು.

ಇಬ್ಬರ ಮಾತೂ ನಿಜವಾಯಿತು. ತೆಪ್ಪ ಸಾಗಿತು ಮತ್ತು ಸುತ್ತಿತು. ಹರಿವಿನ ಜೊತೆಗೇ ಕೆಳಕ್ಕೆ, ಇಳಿಯಬೇಕಾದ ಕಟ್ಟೆಯನ್ನು ಬಿಟ್ಟು ಓರೆಯಾಗಿ, ಗಿರಿಗಿರಿ ತಿರುಗುತ್ತ ಹೊರಟಿತು. ಅಂಬಿಗ ತನ್ನ ಒಪ್ಪಂದದಂತೆ ಬದಿ ಬದಲಿಸಲು ಎದ್ದು ನಿಂತ. ಯಾವ ಬದಿ ಎಂಬುದು ತಿಳಿಯದೆ ಅಲ್ಲಿಯೇ ಕುಳಿತ.

“ಈಗ ಮುಂದ ಯಾರಲೇ?” ಎಂದರು ಶಿರಸ್ತೇದಾರರು.

“ಈಗ ನೀವು ನೋಡ್ರಿ… ಈಗ ಅಣ್ಣಾವ್ರು… ಈಗ ಡ್ರಮ್ಮು.”

“ಮತ್ತ ಈಗ?”

“ಈಗ ಸಂಶೋಧಕರು.”

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ವರ ಬಾಸಿಂಗದ ಎಳೆಗಳ ಮರೆಯಿಂದ ಕೇಳಿದ: “ಅಪ್ಪಾ, ನಂದು ಯಾವಾಗ?”

ಮೇಲುಸ್ಥಾನವೆಂಬುದು ಅಷ್ಟು ನ್ಯಾಯವಾಗಿ ಹಂಚಿಕೆಯಾದದ್ದನ್ನು ನಾನು ಮತ್ತೆ ನೋಡಿಲ್ಲ. ವಿಜಯನಗರದ ಆಸ್ಥಾನದಲ್ಲಿ ಯಾರು ಎಲ್ಲಿ ಕೂರುತ್ತಿದ್ದರೆಂಬುದರ ಮೇಲೆ ವಿಚಾರ ಸಂಕಿರಣಗಳಲ್ಲಿ ಗಂಟೆಗಟ್ಟಲೆ ಕಚ್ಚಾಡುವ ಮಿತ್ರರನ್ನು ಒಮ್ಮೆ ಆ ತೆಪ್ಪದಲ್ಲಿ ಕೂರಿಸಬೇಕೆಂದು ನನಗೆ ಹಲವು ಸಲ ಅನ್ನಿಸಿದೆ. ವೇದಿಕೆಯ ಮೇಲೆ ಯಾರ ಕುರ್ಚಿಗೆ ಟವೆಲ್ ಹೊದಿಸಿದೆ ಎಂಬ ಅವರ ಚಿಂತೆಗೂ ಅಲ್ಲಿ ಪರಿಹಾರ ಸಿಗುತ್ತಿತ್ತು.

ಆದರೆ ಶಿರಸ್ತೇದಾರರ ಮುಖ ಬಿಗಿದುಕೊಂಡಿತ್ತು. ದಂಡೆಯ ಮೇಲೆ ಅಕ್ಕನ ಕಡೆಯವರೆಲ್ಲ ಆರತಿ ತಟ್ಟೆ, ತಂಬಿಗೆ, ಕೊಡೆ ಹಿಡಿದು, ತೆಪ್ಪ ಮುಟ್ಟುವ ಸ್ಥಳವನ್ನು ಅಂದಾಜು ಮಾಡುತ್ತ ಹೊಳೆಯ ಗುಂಟ ಕೆಳಕ್ಕೆ ಓಡುತ್ತಿದ್ದರು. ಗಂಗಾವತಿಯಿಂದ ಕರೆಸಿದ್ದ ವಿಡಿಯೋದವನು ಕ್ಯಾಮೆರಾ ಹೆಗಲ ಮೇಲೆ ಹೊತ್ತು ಅವರ ಮುಂದೆ ಹಿಮ್ಮುಖವಾಗಿ ಓಡುತ್ತಿದ್ದ. ಓಡುತ್ತಿದ್ದವರೆಲ್ಲರ ಎದೆಯಲ್ಲಿ ಒಂದೇ ಪ್ರಶ್ನೆ: ಮೊದಲು ಯಾರ ಕಾಲು? ಅದು ಶಿರಸ್ತೇದಾರರ ಕಾಲು ಅಲ್ಲದಿದ್ದರೆ, ಅವರು ಆ ನೆಲವನ್ನು ಮೆಟ್ಟದೆ ಅದೇ ತೆಪ್ಪದಲ್ಲಿ ವಾಪಸಾಗುತ್ತಾರೆ.

ತೆಪ್ಪ ಕೊನೆಗೆ ಯಾರದೋ ಭತ್ತದ ಸಸಿಮಡಿಯ ಪಕ್ಕದ ಕೆಸರು ದಂಡೆಗೆ ಬಂದು ಬಡಿಯಿತು. ಕೊನೆಯ ಗಳಿಗೆಯಲ್ಲಿ ಅಂಬಿಗ ಹುಟ್ಟನ್ನು ನೀರಿನ ತಳಕ್ಕೆ ಊರಿ ಒಮ್ಮೆ ತಿರುವಿದ; ಶಿರಸ್ತೇದಾರರ ಬದಿ ಸರಿಯಾಗಿ ನೆಲದ ಎದುರು ಬಂತು. ಅವರು ಧೋತರವನ್ನು ಎತ್ತಿ ಹಿಡಿದು, ಕಚೇರಿಯ ಮೆಟ್ಟಿಲು ಇಳಿಯುವಷ್ಟೇ ಗಂಭೀರವಾಗಿ ಬಲಗಾಲನ್ನು ಕೆಸರಿನಲ್ಲಿ ಇಟ್ಟರು. ಅಕ್ಕ ಏದುಸಿರು ಬಿಡುತ್ತ ನೀರು ಹಾಕಿದಳು. ಅವರು ಸುತ್ತ ನೋಡಿ, ಬಿಗಿದ ಮುಖದಿಂದಲೇ, “ವ್ಯವಸ್ಥಾ ಛಲೋ ಐತಿ,” ಎಂದರು. ಅಂಗಳದ ಚಪ್ಪರದಲ್ಲಿ ಅಕ್ಕಿಕಾಳು ಬಿದ್ದವು. ಗಂಗಾವತಿಯ ಛತ್ರದಲ್ಲಿ ಆ ಮಧ್ಯಾಹ್ನ ಫ್ಯಾನುಗಳು ಯಾರಿಗೂ ಗಾಳಿ ಹಾಕಲಿಲ್ಲ.

ಇದು ನನ್ನ ನೆನಪು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಮ್ಮ ಬಂಧುಗಳಲ್ಲಿ ಊಟಕ್ಕೆ ಕುಳಿತಾಗ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, “ಈಗ ಡ್ರಮ್ಮು” ಎಂದು ಯಾರಾದರೂ ಮೊದಲೇ ಹೇಳಿಬಿಡುತ್ತಾರೆ. ಪ್ರಬಂಧ ಪುಸ್ತಕವಾಗಿ ಬಂದಾಗ ಹಾಯಿಯ ಅಧ್ಯಾಯಕ್ಕೆ ಒಂದು ಅಡಿಟಿಪ್ಪಣಿ ಸೇರಿಸಿದೆ: ಒಂದು ಅಪವಾದ ಉಂಟು, ೧೯೯೮ರ ಜೂನ್ ೭ರಂದು ತೆಪ್ಪದಲ್ಲಿ ಕುಳಿತು ಲೇಖಕನೇ ಕಂಡದ್ದು. ಇಡೀ ಪುಸ್ತಕದಲ್ಲಿ ನಾನು ಪ್ರತ್ಯಕ್ಷ ಸಾಕ್ಷಿಯೆಂದು ಹೇಳಿಕೊಂಡಿರುವುದು ಅದೊಂದೇ ಕಡೆ. ಉಳಿದದ್ದೆಲ್ಲ ಬೇರೆಯವರ ಮಾತು, ಬೇರೆಯವರ ಬರಹ. ಆದ್ದರಿಂದ ಆ ಟಿಪ್ಪಣಿಯ ಮೇಲೆ ನನಗೆ ವಿಶೇಷ ಅಭಿಮಾನ.

ಶಿರಸ್ತೇದಾರರೂ ಅವರ ಅಣ್ಣನವರೂ ಈಗಿಲ್ಲ. ಶಿರಸ್ತೇದಾರರು ಬದುಕಿರುವವರೆಗೆ, ನನ್ನ ಕಥೆ ಕೇಳಿದಾಗಲೆಲ್ಲ, “ನಾ ಎಲ್ಲಿ ಸಿಟ್ಟಾಗಿದ್ದೆ?” ಎನ್ನುತ್ತಿದ್ದರು. ವಯಸ್ಸಾದವರ ಮರೆವು ಎಂದುಕೊಂಡು ನಾನು ಕಥೆ ಮುಂದುವರಿಸುತ್ತಿದ್ದೆ.

ಕಳೆದ ವರ್ಷ ಅಕ್ಕನ ಮಗಳು ಮದುವೆಯ ಹಳೆಯ ಕ್ಯಾಸೆಟ್ಟನ್ನು ಗಂಗಾವತಿಯಲ್ಲಿ ಸಿಡಿಗೆ ಹಾಕಿಸಿದಳು. ಆ ರಾತ್ರಿ ಫೋನು ಮಾಡಿ, “ಮಾಮಾ, ನೀ ತೆಪ್ಪದಾಗ ಇಲ್ಲ ನೋಡು,” ಎಂದಳು. ನಗುತ್ತಿದ್ದಳು. ಕ್ಯಾಮೆರಾದ ಚೌಕಟ್ಟಿಗೆ ಮಿತಿ ಇರುತ್ತದೆ ಎಂದು ನಾನು ವಿವರಿಸಿದೆ. “ಚೌಕಟ್ಟಿನ್ಯಾಗ ಅದೀ,” ಎಂದಳು. “ದಂಡಿ ಮ್ಯಾಲ ಅದೀ.”

ಮೊದಲು ಅಕ್ಕನನ್ನು ವಿಚಾರಿಸಿದೆ. “ನಿನ್ನ ಯಾಕ ಕಳಸ್ತಿದ್ನೋ?” ಎಂದಳು. “ದಂಡಿಗೆ ಹೋಗೂ ಮುಂದ ಬಾಯಿ ತಗೀಬ್ಯಾಡ ಅಂತ ಹೇಳಿದ್ದು ಖರೇ. ಅದು ದಿನಾ ಹೇಳ್ತಿದ್ದೆ.” ಅಂಬಿಗನನ್ನು ಹುಡುಕಿ ಕೇಳಿದೆ, ಕನ್ನಡಕ ಬೇರೆಯದು, ಮನುಷ್ಯ ಅವನೇ. ಆ ಬ್ಯಾನರಿನ ಹಾಯಿಯಲ್ಲಿ ಹೊಳೆಯನ್ನು ಮೂರು ಸಲ ದಾಟಿದೆನೆಂದೂ, ಬೀಗರು ಒಬ್ಬ ಮಂತ್ರಿಯೆಂದೂ ಹೇಳಿದ. ಅವನ ಸಾಕ್ಷ್ಯವನ್ನು ನಾನು ಪಕ್ಕಕ್ಕೆ ಇಟ್ಟಿದ್ದೇನೆ.

ಆಮೇಲೆ ಸಿಡಿ ನೋಡಿದೆ. ಪರದೆಯ ಮೂಲೆಯಲ್ಲಿ ಕ್ಯಾಮೆರಾ ಒತ್ತಿದ ತಾರೀಖು ಜೂನ್ ೬ ಎಂದಿದೆ. ಲಗ್ನಪತ್ರಿಕೆ ಜೂನ್ ೭ ಎನ್ನುತ್ತದೆ, ಪಂಚಾಂಗ ಅದನ್ನು ಅನುಮೋದಿಸುತ್ತದೆ. ತಾರೀಖನ್ನೇ ತಪ್ಪು ಹೇಳುವ ದಾಖಲೆಯ ಉಳಿದ ಹೇಳಿಕೆಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಯನ್ನು ನಾನು ಒಂದು ವಾರ ಪೂರ್ತಿ ಎತ್ತಿ ಹಿಡಿದೆ. ಮನೆಯಲ್ಲಿ ಯಾರೂ ಬೆಂಬಲಿಸಲಿಲ್ಲ. ಗಡಿಯಾರ ತಪ್ಪಿದ ಕ್ಯಾಮೆರಾ ಮುಖಗಳನ್ನೂ ತಪ್ಪಿ ಹಿಡಿಯುತ್ತದೆಂದು ಸಾಧಿಸುವುದು ನನ್ನಿಂದಲೂ ಆಗಲಿಲ್ಲ.

ದಾಖಲೆಯಲ್ಲಿ ಇರುವುದು ಇಷ್ಟು. ಕೆಂಪು ಹಾಯಿ ಇದೆ. ‘ಸಂಪರ್ಕಿಸಿರಿ’ ಎಂಬುದನ್ನು ಸ್ಪಷ್ಟವಾಗಿ ಓದಬಹುದು. ತೆಪ್ಪ ಸುತ್ತುತ್ತಿದೆ. ಅದರಲ್ಲಿ ಅಣ್ಣ, ತಮ್ಮ, ವರ, ಬ್ಯಾಂಡಿನವರು, ಅಂಬಿಗ ಇದ್ದಾರೆ, ನಾನಿಲ್ಲ. ದಂಡೆಯ ಮೇಲೆ ಅಕ್ಕನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾಮ್ರದ ತಂಬಿಗೆಯನ್ನು ಎರಡು ಕೈಯಲ್ಲಿ ಹಿಡಿದು ಓಡುತ್ತಿರುವವನು ನಾನು. ತೆಪ್ಪ ಕೆಸರಿಗೆ ಬಡಿದಾಗ ಅದರಿಂದ ಮೊದಲು ಹೊರಗೆ ಬೀಳುವುದು ಡ್ರಮ್ಮು. ಅದನ್ನು ಹಿಡಿಯಲು ಅದರ ಹಿಂದೆಯೇ ಡ್ರಮ್ಮಿನವನು ನೆಲಕ್ಕೆ ಹಾರುತ್ತಾನೆ. ನಾನು ತಲೆ ಬಗ್ಗಿಸಿ, ಬಹಳ ಭಕ್ತಿಯಿಂದ, ಅವನ ಎರಡೂ ಕಾಲಿಗೆ ತಂಬಿಗೆಯ ನೀರನ್ನು ಪೂರ್ತಿ ಹಾಕುತ್ತೇನೆ. ತೆಪ್ಪದ ಒಳಗೆ ಶಿರಸ್ತೇದಾರರು ಅಣ್ಣನ ಭುಜ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುತ್ತ, ನಗುತ್ತಿದ್ದಾರೆ.